ಕೈ ಮೇಲೆತ್ತುವ ತನಕ

ನರ್ಸ್ ಹೆಸರು ಕೂಗುವ ಮೊದಲೇ ಮಗುವಿಗೆ ಗೊತ್ತಾಗಿಬಿಡುತ್ತಿತ್ತು. ಟ್ರಾಲಿಯ ಗಾಲಿ ಕಿರ್ ಎಂದರೆ ಸಾಕು, ಎರಡೂವರೆ ವರ್ಷದ ನನ್ನ ತಮ್ಮನ ಮಗಳು ಅಮ್ಮನ ಸೆರಗನ್ನು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಬಚ್ಚಲಿನಲ್ಲಿ ಹಂಡೆಯಿಂದ ತೋಡಿಟ್ಟಿದ್ದ ಬಿಸಿನೀರಿನ ಬಕೆಟ್ಟು ಎಡಗೈ, ಕಂಕುಳು, ಎದೆಯ ಮೇಲೆ ಮಗುಚಿತ್ತು. ಇನ್ನೂ ತಣ್ಣೀರು ಬೆರೆಸಿರದ ನೀರು. ಡ್ರೆಸ್ಸಿಂಗ್ ಕೋಣೆಯ ಬಾಗಿಲಲ್ಲಿ ಒಂದು ದಿನ ‘ಅಮ್ಮ ಹೊರಗಿರಿ’ ಎನ್ನುತ್ತಿದ್ದರು. ಸಿಬ್ಬಂದಿ ಕಡಿಮೆ ಇದ್ದ ದಿನ ‘ಅಮ್ಮ ಒಳಗ್ ಬನ್ನಿ, ಕಾಲು ಗಟ್ಟಿಯಾಗಿ ಹಿಡ್ಕೊಳ್ಳಿ’ ಎನ್ನುತ್ತಿದ್ದರು. ಒಂದೋ ಬಾಗಿಲಾಚೆ, ಇಲ್ಲವಾದರೆ ಮಗುವನ್ನು ಅದುಮಿ ಹಿಡಿಯುವ ಕೈ. ಇವೆರಡು ಬಿಟ್ಟು ತಾಯಿಗೆ ಮತ್ತೊಂದು ಜಾಗವಿದೆ ಎಂದು ಸುಟ್ಟಗಾಯದ ಮಕ್ಕಳನ್ನು ನೋಡಿಕೊಳ್ಳುವ ನಮ್ಮ ಪದ್ಧತಿಗೆ ಹೊಳೆದೇ ಇಲ್ಲ. ನನ್ನ ಮೊದಲ ತಕರಾರು ಇದು.

ಆದರೆ ಮಗು ಉಳಿದಿದ್ದು ಇದೇ ವೈದ್ಯದಿಂದ, ಅದನ್ನು ಮೊದಲು ಹೇಳಬೇಕು. ಮಗುವಿನ ಅಂಗೈ ಮತ್ತು ಬೆರಳು ಸೇರಿದರೆ ಅದರ ಮೈಯ ಹೆಚ್ಚುಕಡಿಮೆ ಶೇಕಡಾ 1 ಭಾಗ. ಅಂಥ ಹತ್ತು ಅಂಗೈಯಷ್ಟು ಸುಟ್ಟರೂ ಸಣ್ಣ ಮಕ್ಕಳಿಗೆ ಡ್ರಿಪ್ ಹಾಕಿ ಗಂಟೆಗಂಟೆಗೆ ಲೆಕ್ಕವಿಟ್ಟು ದ್ರವ ಕೊಡಬೇಕು. ಆ ಲೆಕ್ಕವನ್ನು ನಮ್ಮ ವೈದ್ಯರು ಕೈಬೆರಳಲ್ಲಿ ಇಟ್ಟುಕೊಂಡಿದ್ದಾರೆ. ಸತ್ತ ಚರ್ಮ ತಾನಾಗಿ ಕಳಚಲಿ ಎಂದು ವಾರಗಟ್ಟಲೆ ಕಾಯದೆ, ಮೊದಲ ಕೆಲವೇ ದಿನಗಳಲ್ಲಿ ಅದನ್ನು ಪದರ ಪದರವಾಗಿ ಹೆರೆದು ಕಸಿ ಹಾಕುವ ದಾರಿಯನ್ನು 1970ರಲ್ಲಿ ಜಗತ್ತಿನ ಮುಂದಿಟ್ಟವರು ಈಗಿನ ಸ್ಲೊವೇನಿಯಾದ ಮಾರಿಬೋರ್ ಊರಿನ ಶಸ್ತ್ರವೈದ್ಯೆ ಜೋರಾ ಯಾನ್‌ಜೆಕೊವಿಚ್. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ, ಚರ್ಮದ ಬ್ಯಾಂಕೂ ಇದೆ. ಜೀವ ಉಳಿಸುವ ವಿದ್ಯೆಯ ಬಗ್ಗೆ ನನ್ನ ದೂರಿಲ್ಲ. ಉಳಿದ ಮಗುವನ್ನು ಬೆಳೆಸುವ ವಿದ್ಯೆಯ ಬಗ್ಗೆ ಇದೆ.

ಡ್ರೆಸ್ಸಿಂಗ್ ವಿಷಯದಲ್ಲಿ ನಾನು ತುಂಬಾ ಗೌರವಿಸುವ ಕೆಲಸವೊಂದು ನಮ್ಮ ದೇಶದಲ್ಲೇ ಆಗಿದೆ. ಮುಂಬಯಿಯ ವಾಡಿಯಾ ಮಕ್ಕಳ ಆಸ್ಪತ್ರೆಯ ಡಾ. ಎಂ. ಎಚ್. ಕೇಸ್ವಾನಿ ಮತ್ತು ಅವರ ಜೊತೆಗಾರರು 1985ರಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಿಂದ ಗಾಯದ ಪಟ್ಟಿ ಮಾಡಿದ್ದನ್ನು ಪ್ರಕಟಿಸಿದರು. ಸಿಪ್ಪೆಯನ್ನು ಗಾಜ್ ಬಟ್ಟೆಗೆ ಅಂಟಿಸಿ, ಕ್ರಿಮಿಶುದ್ಧಿ ಮಾಡಿ ಹೊದಿಸುವುದು. ಅಡುಗೆಮನೆಯ ಸಿಪ್ಪೆ ತಂದು ಯಾರೂ ಮನೆಯಲ್ಲಿ ಪ್ರಯೋಗ ಮಾಡಬಾರದು, ಅದು ಬೇರೆ ಮಾತು. ಅಗ್ಗ ಎಂಬುದಕ್ಕಿಂತ ದೊಡ್ಡ ಗುಣ ಅದಕ್ಕಿತ್ತು: ಗಾಯಕ್ಕೆ ಅಂಟುತ್ತಿರಲಿಲ್ಲ. ಬರಿಯ ಗಾಜ್ ಒಣಗಿ ಹಸಿ ಚರ್ಮಕ್ಕೆ ಕಚ್ಚಿಕೊಂಡು, ಕೀಳುವಾಗ ಹೊಸದಾಗಿ ಹುಟ್ಟಿದ ಪೊರೆಯನ್ನೂ ಕಿತ್ತು ತರುತ್ತದೆ. ಗಾಯಕ್ಕೆ ಏನು ಹಚ್ಚಬೇಕು ಎಂದು ಕೇಳಿದವರು ಬಹಳ ಮಂದಿ. ಹಚ್ಚಿದ್ದು ಬಿಡಿಸುವಾಗ ಮಗುವಿಗೆ ಏನಾಗುತ್ತದೆ ಎಂಬ ಪ್ರಶ್ನೆಗೂ ಈ ಪಟ್ಟಿ ಉತ್ತರ ಕೊಟ್ಟಿತು.

ಆ ಪ್ರಶ್ನೆಯನ್ನು ನಾವು ಕಂಡ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಸಲೈನ್ ಹಾಕಿ ಪಟ್ಟಿ ಚೆನ್ನಾಗಿ ನೆನೆಯಲು ಬಿಡುವುದಕ್ಕೆ ಖರ್ಚು ಹೆಚ್ಚಿಲ್ಲ, ಪುರುಸೊತ್ತು ಬೇಕು. ನೋವಿನ ಔಷಧಿಯನ್ನು ಪಟ್ಟಿ ಬಿಚ್ಚುವ ಮುಂಚೆ, ಅದು ಹತ್ತುವಷ್ಟು ಹೊತ್ತು ಬಿಟ್ಟು ಕೊಡಬೇಕು. ನಮಗೆ ಕೊಟ್ಟಿದ್ದು ಎಷ್ಟೋ ಸಲ ಎಲ್ಲ ಮುಗಿದ ಮೇಲೆ. ‘ಸಣ್ಣ ಕೂಸು, ಮರ್ತುಬಿಡುತ್ತೆ’ ಎಂಬುದು ಅಲ್ಲಿ ಸಿಕ್ಕ ಸಮಾಧಾನ. ಅವಳು ಮರೆಯಲಿಲ್ಲ. ಬಚ್ಚಲಿನ ಹೊಸ್ತಿಲು ದಾಟಲು ತಿಂಗಳುಗಳು ಬೇಕಾದವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಯಿತು, ಬಿಳಿ ಕೋಟು ಕಂಡರೆ ಉಸಿರು ಹಿಡಿಯುತ್ತಿದ್ದಳು. ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಸುಟ್ಟಗಾಯದವರಿಗೆಂದೇ ಹಿಮದ ಲೋಕದ ವರ್ಚುವಲ್ ಆಟ ಕಟ್ಟಿ, ಪಟ್ಟಿ ಬದಲಿಸುವ ಹೊತ್ತಿಗೆ ರೋಗಿ ಹಿಮದುಂಡೆ ಎಸೆಯುತ್ತಿರುವಂತೆ ಮಾಡಿದರು. ಮನಸ್ಸು ಬೇರೆಡೆ ತೊಡಗಿದರೆ ನೋವು ಇಳಿಯುತ್ತದೆ ಎಂದು ತೋರಿಸಿದರು. ನಮಗೆ ಅಂಥ ಯಂತ್ರ ಬೇಕಿರಲಿಲ್ಲ. ಒಬ್ಬ ಹಿರಿಯ ಸಿಸ್ಟರ್ ರಜೆ ಮುಗಿಸಿ ಬಂದ ದಿನ ಗೊತ್ತಾಯಿತು. ತಾಯಿಯನ್ನು ಮಗುವಿನ ತಲೆಯ ಹತ್ತಿರ ಕೂರಿಸಿದರು. ‘ನೀವು ಹಿಡೀಬೇಡಿ, ಮುಖ ತೋರಿಸ್ತಾ ಇರಿ, ಹಾಡು ಹೇಳಿ’ ಎಂದರು. ಕೊನೆಯ ಸುತ್ತಿನ ಪಟ್ಟಿಯನ್ನು ಮಗುವಿನ ಕೈಗೇ ಕೊಟ್ಟು ‘ನೀನೇ ಎಳಿ ಪುಟ್ಟಿ, ನಿಲ್ಸು ಅಂದಾಗ ನಿಲ್ಲಿಸ್ತೀನಿ’ ಎಂದರು. ನಿಲ್ಲಿಸಿದರು ಕೂಡ. ಅಳು ಪೂರಾ ನಿಲ್ಲಲಿಲ್ಲ. ಆದರೆ ಅಮ್ಮನನ್ನು ಕಂಡು ಅಳುವುದಕ್ಕೂ ಅಮ್ಮನ ಕೈಯಿಂದಲೇ ತಪ್ಪಿಸಿಕೊಳ್ಳಲು ಅಳುವುದಕ್ಕೂ ವ್ಯತ್ಯಾಸ ನನ್ನ ಕಿವಿಗೇ ತಿಳಿಯಿತು. ತಾಯಿಗೆ ಸಲ್ಲಬೇಕಾದ ಜಾಗ ಅದು. ಒಬ್ಬರ ಒಳ್ಳೆಯತನಕ್ಕೆ ಬಿಟ್ಟುಕೊಡದೆ ಅದನ್ನು ವಾರ್ಡಿನ ನಿಯಮ ಮಾಡಬೇಕು.

ಎರಡನೆಯ ತಕರಾರು ಇನ್ನೂ ದೊಡ್ಡದು. ಡಿಸ್ಚಾರ್ಜ್ ಚೀಟಿಯಲ್ಲಿ ‘ಗಾಯ ಒಣಗಿದೆ’ ಎಂದಿತ್ತು. ಕೆಳಗೆ ‘ಎಣ್ಣೆ ಹಚ್ಚಿ, ವ್ಯಾಯಾಮ ಮಾಡಿಸಿ’. ಒಂದೂವರೆ, ಎರಡು ವರ್ಷದ ಕೆಲಸ ಒಂದು ಸಾಲಿನಲ್ಲಿ ಮುಗಿದಿತ್ತು. ಮೂರು ವಾರಕ್ಕಿಂತ ತಡವಾಗಿ ಮಾಯುವ ಗಾಯದ ಕಲೆ ಕೆಂಪಾಗಿ ದಪ್ಪಗಾಗುವ ಸಂಭವ ಹೆಚ್ಚು. ಸಂದಿನ ಮೇಲಿದ್ದರೆ ಕಲೆ ಒಳಗೆ ಸೇದುತ್ತದೆ. ಮಗು ಕೈಯನ್ನು ಮೈಗೆ ಒತ್ತಿ ಮಲಗುತ್ತದೆ, ಅದಕ್ಕೆ ಹಿತ ಅಲ್ಲೇ ಇರುವುದು. ಕೈ ಅಂಟಿ ಗಟ್ಟಿಯಾಗುವುದೂ ಅಲ್ಲೇ. ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಹಾಗಾಗಿ ಮನೆಯಲ್ಲಿ ಗೆದ್ದದ್ದು ನನ್ನಮ್ಮನ ಕನಿಕರ: ‘ಅಳಿಸ್ಬೇಡ ಕಣೇ, ಕೈ ಎತ್ತಿಸ್ಬೇಡ, ಪಾಪದ ಕೂಸು.’ ಕಂಕುಳಿಗೆ ಕೊಟ್ಟಿದ್ದ ಸ್ಪ್ಲಿಂಟ್ ಅಟ್ಟ ಸೇರಿತು. ಎರಡು ತಿಂಗಳಲ್ಲಿ ಕೈ ಹೆಗಲ ಮಟ್ಟಕ್ಕಿಂತ ಮೇಲೆ ಬರಲಿಲ್ಲ. ಅಮ್ಮನನ್ನು ನಾನು ದೂರುವುದಿಲ್ಲ, ಅವಳು ಪ್ರೀತಿಯಿಂದಲೇ ಮಾಡಿದಳು. ಆದರೆ ಕಾರಣ ತಿಳಿಸದ ವ್ಯಾಯಾಮ ಮನೆಯವರ ಕಣ್ಣಿಗೆ ಬರೀ ಹಿಂಸೆಯಾಗಿ ಕಾಣುತ್ತದೆ. ಅಜ್ಜಿಯನ್ನೂ ಎದುರು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡದ ಆಸ್ಪತ್ರೆ ತನ್ನ ಕೆಲಸವನ್ನು ಅರ್ಧಕ್ಕೇ ಬಿಟ್ಟಂತೆ.

ಆಮೇಲೆ ಬಂತು ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಅಂಗಿ. ದಿನಕ್ಕೆ 23 ಗಂಟೆ ತೊಡಿಸಬೇಕು, ಸ್ನಾನಕ್ಕೆ ಮತ್ತು ಎಣ್ಣೆ ಹಚ್ಚಲು ಮಾತ್ರ ತೆಗೆಯಬೇಕು. ಮಗು ಬೆಳೆಯುತ್ತಲೇ ಇರುತ್ತದೆ, ಎರಡು ಮೂರು ತಿಂಗಳಿಗೆ ಹೊಸ ಅಳತೆ, ಹೊಸ ದುಡ್ಡು. ಬೇಸಿಗೆಯಲ್ಲಿ ಅದರೊಳಗಿನ ನವೆ ಎಂಥದ್ದೆಂದರೆ ರಾತ್ರಿ ಮಗು ನಿದ್ದೆಯಲ್ಲೇ ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತಿತ್ತು. ಉಗುರು ಕತ್ತರಿಸುವುದು, ಒದ್ದೆ ಬಟ್ಟೆ ಒತ್ತುವುದು, ತೊಡೆಯ ಮೇಲೆ ಹಾಕಿಕೊಂಡು ಕೂರುವುದು. ಫಿಸಿಯೋಥೆರಪಿಗೆ ಪೇಟೆಗೆ ಹೋದ ದಿನ ತಮ್ಮನ ಕೂಲಿ ಹೋಗುತ್ತಿತ್ತು. ಹೋಗಲಾಗದವರನ್ನು ‘ನಿರ್ಲಕ್ಷ್ಯ’ ಎಂದು ಬರೆದಿಡುವ ವೈದ್ಯರು ಬಸ್ ಚಾರ್ಜಿನ ಲೆಕ್ಕವನ್ನೂ ಕೇಳಬೇಕು.

ತಮ್ಮನ ಹೆಂಡತಿ ಕಂಡುಕೊಂಡ ಉಪಾಯ ಯಾವ ಚೀಟಿಯಲ್ಲೂ ಇರಲಿಲ್ಲ. ಚಕ್ಕುಲಿ ಡಬ್ಬಿಯನ್ನು ವಾರ ವಾರ ಒಂದೊಂದು ಬೆರಳು ಮೇಲಿಡುತ್ತಾ ಹೋದಳು. ಎಡಗೈಯಲ್ಲೇ ತೆಗೆಯಬೇಕು. ಮುಟ್ಟಿದ ಜಾಗಕ್ಕೆ ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಗೆರೆ. ಅತ್ತರೆ ಅಪ್ಪಿಕೊಂಡಳು, ಡಬ್ಬಿ ಮಾತ್ರ ಕೆಳಗಿಳಿಸಲಿಲ್ಲ. ಗಾಯದ ಮಗು ಎಂದು ಎಲ್ಲರೂ ಕೇಳಿದ್ದೆಲ್ಲ ಕೊಟ್ಟು, ಹೊಡೆದರೂ ಸುಮ್ಮನಿದ್ದ ದಿನಗಳಲ್ಲಿ ‘ಹೊಡೀಬಾರ್ದು’ ಎಂದು ಹೇಳಿದವಳೂ ಅವಳೊಬ್ಬಳೇ. ಇಷ್ಟು ಮಾಡುತ್ತಿದ್ದವಳಿಗೆ ಬಂದ ನೆಂಟರು ಕೇಳಿದ್ದು ಎರಡೇ: ‘ಆಗ ನೀನೆಲ್ಲಿ ಹೋಗಿದ್ದೆ?’, ‘ಹೆಣ್ಣುಮಗು ಬೇರೆ, ಮುಂದೆ ಹೇಗೋ?’ ಆ ಮಗುವಿನ ಕಿವಿ ಸುಟ್ಟಿರಲಿಲ್ಲ, ಎಲ್ಲ ಕೇಳಿಸುತ್ತಿತ್ತು. ಬಕೆಟ್ಟಿಗೆ ಮೊದಲು ತಣ್ಣೀರು ಬಿಡಿ, ಸುಟ್ಟರೆ ಟೂತ್‌ಪೇಸ್ಟು, ಶಾಯಿ ಹಚ್ಚದೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ ಎಂದು ಅವರಲ್ಲಿ ಯಾರಾದರೂ ತಮ್ಮ ಮನೆಗಳಲ್ಲಿ ಹೇಳಿದ್ದರೆ ನೆಂಟಸ್ತಿಕೆಗೆ ಅರ್ಥವಿರುತ್ತಿತ್ತು.

ಈಗ ಅವಳಿಗೆ ಆರು ವರ್ಷ. ಗೋಡೆಯ ಗೆರೆಗಳು ಸುಣ್ಣ ಹೊಡೆದರೂ ಉಳಿಯಲೆಂದು ಅವಳಮ್ಮ ಪೆನ್ಸಿಲಿನಲ್ಲಿ ತಿದ್ದಿದ್ದಾಳೆ. ಮೂಳೆ ಬೆಳೆದಷ್ಟು ಕಲೆ ಬೆಳೆಯುವುದಿಲ್ಲವಾದ್ದರಿಂದ ಕಂಕುಳ ಕೆಳಗೆ ಮತ್ತೆ ಹುರಿಯಂತೆ ಬಿಗಿ ಕಂಡಿದೆ. ಬೇಸಿಗೆ ರಜೆಯಲ್ಲಿ ಬಿಡಿಸೋಣ ಎಂದಿದ್ದಾರೆ ಡಾಕ್ಟರು. ‘ಅತ್ತೆ, ಪಟ್ಟಿ ನಾನೇ ಎಳೀಬೋದಾ ಅಂತ ಕೇಳ್ತೀಯಾ?’ ಎಂದು ಮೊನ್ನೆ ನನ್ನನ್ನು ಕೇಳಿದಳು. ಕೇಳುತ್ತೇನೆ ಎಂದಿದ್ದೇನೆ.