ಮರಣದ ಲೆಕ್ಕವೂ ಕಾದಂಬರಿಯ ಸಾಕ್ಷ್ಯವೂ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965), ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಎಂಬೆರಡು ಕಾದಂಬರಿಗಳಲ್ಲಿ ಪ್ಲೇಗುರೋಗವು ಕಥೆಯ ಗತಿಯನ್ನೇ ನಿರ್ಣಯಿಸುತ್ತದೆ. ಇವುಗಳನ್ನು ತರಗತಿಗಳಲ್ಲಿ ಬೋಧಿಸುವಾಗ ಗ್ಯಾಸೆಟಿಯರುಗಳಿಂದಲೂ ಆರೋಗ್ಯ ಇಲಾಖೆಯ ವಾರ್ಷಿಕ ವರದಿಗಳಿಂದಲೂ ಕೆಲವು ಅಂಕಿಗಳನ್ನು ಆಯ್ದು, ‘ಐತಿಹಾಸಿಕ ಹಿನ್ನೆಲೆ’ ಎಂದು ಮುಂದಿಡುವ ರೂಢಿಯುಂಟು. ಅಂಕಿಯೇ ನಿಜ, ಕಥೆಯು ಅದರ ಮೇಲೆ ಬಿಡಿಸಿದ ಚಿತ್ರವೆಂಬ ಭಾವನೆ ಈ ರೂಢಿಯ ಬುಡದಲ್ಲಿದೆ. ಪರ್ಯಾಲೋಚಿಸಿದಲ್ಲಿ ಈ ಭಾವನೆ ನಿಲ್ಲತಕ್ಕದ್ದಲ್ಲ. ಮರಣದ ಕೋಷ್ಟಕವೂ ಒಬ್ಬರು ಬರೆದ ಬರಹವೇ ಸರಿ, ಅದಕ್ಕೂ ನಿರೂಪಕನುಂಟು. ಅವನಾರು, ಅವನನ್ನು ನೇಮಿಸಿದವರಾರು, ಅವನ ಕಣ್ಣಿಗೆ ಬೀಳುತ್ತಿದ್ದುದೆಷ್ಟು ಎಂಬ ಪ್ರಶ್ನೆಗಳನ್ನು ಕಾದಂಬರಿಗೆ ತಪ್ಪದೆ ಹಾಕುವ ವಿಮರ್ಶಕರು ಕೋಷ್ಟಕದ ಮುಂದೆ ಮಾತ್ರ ಮೌನ ತಾಳುವುದು ವಿಚಿತ್ರವಾಗಿದೆ.

ಕುಂದಾಪುರಕ್ಕೂ ಬೈಂದೂರಿಗೂ ನಡುವಿನ ಬಿಜೂರನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರದ ಸೀಮೆಯು ಮದರಾಸಿಗೇ ಉಳಿಯಿತು. ಅಂದಿನಿಂದ ಬಿಜೂರಿನ ಸಾವು ಮದರಾಸಿನ ಲೆಕ್ಕಕ್ಕೆ, ಉತ್ತರಕ್ಕೆ ಕೆಲವೇ ಹರಿದಾರಿ ದೂರದ ಭಟ್ಕಳದ ಸಾವು ಮುಂಬಯಿಯ ಲೆಕ್ಕಕ್ಕೆ, ಕೊಲ್ಲೂರಿನ ಕಡೆಯಿಂದ ಘಟ್ಟವನ್ನು ಹತ್ತಿದರೆ ಅಲ್ಲಿಯ ಸಾವು ಮೈಸೂರು ಸಂಸ್ಥಾನದ ಲೆಕ್ಕಕ್ಕೆ ಸೇರತಕ್ಕುದಾಯಿತು. ಘಟ್ಟದ ಮೇಲೆ ಕೂಲಿಗೆ ಹೋಗಿ ಚಳಿಜ್ವರ ಹಿಡಿದು ಊರಿಗೆ ಮರಳಿದವನು ಸತ್ತರೆ, ರೋಗ ಹತ್ತಿದ ನಾಡಿನ ಪುಸ್ತಕದಲ್ಲಿ ಅವನಿಲ್ಲ. ಸತ್ತ ನಾಡಿನ ಪುಸ್ತಕದಲ್ಲಿ ರೋಗದ ಮೂಲವಿಲ್ಲ. ಈ ಮೂರು ಪುಸ್ತಕಗಳ ವ್ಯವಸ್ಥೆ 1956ರವರೆಗೆ ನಡೆಯಿತು. ಒಂದೇ ಭಾಷೆಯನ್ನಾಡುವ, ಒಂದೇ ಗಾಳಿಯನ್ನುಸಿರಾಡುವ ಸೀಮೆಯ ಆರೋಗ್ಯ ಚರಿತ್ರೆಯನ್ನು ಬರೆಯ ಹೊರಟವರಿಗೆ ಇದು ಮೊದಲನೆಯ ತೊಡಕು.

ಎರಡನೆಯದು ಇನ್ನೂ ದೊಡ್ಡದು. ಹಳ್ಳಿಯಲ್ಲಿ ಸಾವನ್ನು ಬರೆದುಕೊಳ್ಳುತ್ತಿದ್ದವನು ವೈದ್ಯನಲ್ಲ, ಪಟೇಲ. ಮದರಾಸು ಪ್ರಾಂತದಲ್ಲಿ ಜನನಮರಣಗಳ ನೋಂದಣಿಗೆಂದು 1899ರಲ್ಲಿ ಪ್ರತ್ಯೇಕ ಕಾನೂನು ಬಂದರೂ ಬರೆಯುವ ಕೈ ಬದಲಾಗಲಿಲ್ಲ. ವಾರ್ಷಿಕ ವರದಿಗಳಲ್ಲಿ ಮರಣಕಾರಣಗಳ ಕಲಮುಗಳು ಹೀಗಿದ್ದವು: ವಾಂತಿಭೇದಿ, ಸಿಡುಬು, ಪ್ಲೇಗು, ಜ್ವರಗಳು, ಆಮಶಂಕೆ ಮತ್ತು ಅತಿಸಾರ, ಉಸಿರಾಟದ ರೋಗಗಳು, ಅಪಘಾತ, ಇತರ ಕಾರಣಗಳು. ಇವುಗಳಲ್ಲಿ ಸಿಡುಬನ್ನೂ ವಾಂತಿಭೇದಿಯನ್ನೂ ಯಾರಾದರೂ ಗುರುತಿಸಬಲ್ಲರು. ಉಳಿದುದನ್ನು ತುಂಬುವ ಪಟೇಲನಿಗೆ ‘ಜ್ವರ’ ಎಂಬ ಕಲಮಿಗಿಂತ ಅನುಕೂಲವಾದುದು ಬೇರೊಂದಿರಲಿಲ್ಲ. ಸಾಯುವ ಮುನ್ನ ಮೈ ಬಿಸಿಯಾಗದ ರೋಗಿಗಳು ವಿರಳವಷ್ಟೆ! ಕ್ಷಯ, ವಿಷಮಶೀತ, ಬಾಣಂತಿಯ ನಂಜು, ಮಲೇರಿಯ ಎಲ್ಲವೂ ಆ ಒಂದು ಪದದೊಳಗೆ ಕರಗಿದವು. 1918ರ ಇನ್‌ಫ್ಲುಯೆಂಜ ಬಂದಾಗ ಅದಕ್ಕೆಂದು ಕಲಮೇ ಇರಲಿಲ್ಲ. ಜ್ವರದ ಮೊತ್ತವು ವಾಡಿಕೆಗಿಂತ ಎಷ್ಟು ಉಬ್ಬಿತೆಂದು ಕಳೆದು ನೋಡಿ, ಆ ಹೆಚ್ಚಳವನ್ನೇ ಹೊಸ ರೋಗದ ಬಲಿಯೆಂದು ಅಂದಾಜು ಮಾಡಬೇಕಾಯಿತು.

ಪಟ್ಟಣಗಳಲ್ಲಿ ಲೆಕ್ಕವು ಇದಕ್ಕಿಂತ ಶುದ್ಧವಾಗಿರಬೇಕೆಂದು ತೋರುವುದು ಸಹಜ. ಅಲ್ಲಿ ಆಸ್ಪತ್ರೆಯಿತ್ತು, ಮುನಿಸಿಪಾಲಿಟಿಯಿತ್ತು, ನೇಮಕವಾದ ವೈದ್ಯಾಧಿಕಾರಿಯಿದ್ದನು. ಆದರೆ ಆ ನೇಮಕದ ಸ್ವರೂಪವನ್ನು ಗಮನಿಸಬೇಕು. ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬುದು ಮೂಲತಃ ಸೈನ್ಯದ ಸೇವೆ. 1855ರಿಂದ ಸ್ಪರ್ಧಾಪರೀಕ್ಷೆಯ ಮೂಲಕ ಅದು ಭಾರತೀಯರಿಗೂ ತೆರೆಯಿತೆಂಬುದು ನಿಜ; ಪರೀಕ್ಷೆ ನಡೆಯುತ್ತಿದ್ದುದು ಮಾತ್ರ ಲಂಡನ್ನಿನಲ್ಲಿ. ಅದರ ಅಧಿಕಾರಿಗಳು ಕ್ಯಾಪ್ಟನ್, ಮೇಜರ್ ಎಂಬ ಸೇನಾ ಪದವಿಗಳೊಡನೆ ಜಿಲ್ಲೆಯ ಆಸ್ಪತ್ರೆಗೂ ಸೆರೆಮನೆಗೂ ಆರೋಗ್ಯಶಾಖೆಗೂ ‘ಎರವಲಾಗಿ’ ಬರುತ್ತಿದ್ದರು. ಯುದ್ಧವೊದಗಿದರೆ ಹಿಂದಿರುಗಬೇಕು. ವರ್ಗಾವಣೆಯ ಆಜ್ಞೆಯಲ್ಲಿ ರೋಗದ ಋತುವಿನ ವಿಚಾರವಿಲ್ಲ.

ರೊನಾಲ್ಡ್ ರಾಸ್‌ನ ಪ್ರಸಂಗ ಇದಕ್ಕೆ ನಿದರ್ಶನ. 1895ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆ ಮತ್ತು ಮಲೇರಿಯಗಳ ಸಂಬಂಧವನ್ನು ಬೆನ್ನಟ್ಟಿದ್ದ ಅವನನ್ನು, ಆ ಕೆಲಸದ ನಡುವೆಯೇ, ವಾಂತಿಭೇದಿಯ ನಿವಾರಣೆಗಾಗಿ ಬೆಂಗಳೂರಿಗೆ ಕಳುಹಿಸಿದರು. ದಂಡು ಪ್ರದೇಶದ ಚರಂಡಿ, ಬಾವಿ, ಝಾಡಮಾಲಿಗಳ ವ್ಯವಸ್ಥೆಗಳಲ್ಲಿ ಅವನ ಕಾಲ ಕಳೆಯಿತು. 1896ರಲ್ಲಿ ಆ ಕುರಿತು ಒಂದು ವರದಿಯೂ ಪ್ರಕಟವಾಯಿತು. ಸೊಳ್ಳೆಯ ಒಡಲಲ್ಲಿ ರೋಗಾಣುವನ್ನು ಅವನು ಕಂಡುದು ಸಿಕಂದರಾಬಾದಿಗೆ ಮರಳಿದ ಮೇಲೆ, 1897ರ ಆಗಸ್ಟ್ 20ರಂದು. ಕಾದಂಬರಿ, ಕವಿತೆಗಳನ್ನೂ ಬರೆದಿದ್ದ ಈ ವೈದ್ಯನ ಆತ್ಮಚರಿತ್ರೆ (1923) ಇಲಾಖೆಯ ಮೇಲಿನ ಕಹಿಯಿಂದ ತುಂಬಿದೆ. ಆ ಕಹಿಯಲ್ಲಿ ಸ್ವಾಭಿಮಾನದ ಪಾಲು ಎಷ್ಟೇ ಇರಲಿ, ನೇಮಕದ ಆಜ್ಞೆಯು ಸಂಶೋಧನೆಯ ದಾರಿಯನ್ನು ಹೇಗೆ ಕತ್ತರಿಸುತ್ತಿತ್ತೆಂಬುದಕ್ಕೆ ಬೆಂಗಳೂರಿನ ಅಧ್ಯಾಯ ಸಾಕ್ಷಿಯಾಗಿದೆ.

ದೇಶೀಯರ ಸ್ಥಿತಿ ಬೇರೆ. ತಿರುವಾಂಕೂರಿನ ಈಳವ ಕುಲದ ಡಾಕ್ಟರ್ ಪಲ್ಪು ಮದರಾಸಿನಲ್ಲಿ ವೈದ್ಯವ್ಯಾಸಂಗವನ್ನು ಮುಗಿಸಿಯೂ ಜಾತಿಯ ಕಾರಣದಿಂದ ಸ್ವಂತ ಸಂಸ್ಥಾನದಲ್ಲಿ ಉದ್ಯೋಗ ಪಡೆಯಲಾರದೆ ಮೈಸೂರಿಗೆ ಬಂದರು. 1898ರ ಪ್ಲೇಗಿನಲ್ಲಿ ಬೆಂಗಳೂರಿನ ಶಿಬಿರಗಳಲ್ಲಿ ದುಡಿದವರು ಇಂತಹವರು. ವರದಿಗೆ ರುಜು ಹಾಕುವವನೊಬ್ಬ, ಹೆಣವನ್ನು ನೋಡಿದವನು ಮತ್ತೊಬ್ಬ. ವರದಿಯ ಗದ್ಯದಲ್ಲಿ ಈ ಎರಡನೆಯವನು ‘ಅಧೀನ ಸಿಬ್ಬಂದಿ’ ಎಂಬ ಎರಡು ಪದಗಳಲ್ಲಿ ಅಡಗಿಹೋಗುತ್ತಾನೆ.

ಬೆಂಗಳೂರಿನ ಅಂಕಿಗಳನ್ನೇ ಈಗ ಪರೀಕ್ಷಿಸೋಣ. 1891ರ ಖಾನೇಷುಮಾರಿಯಲ್ಲಿ ನಗರದ ಜನಸಂಖ್ಯೆ 80,285. ದಂಡು ಪ್ರದೇಶದ್ದು 1,00,081. 1898ರ ಆಗಸ್ಟಿನಲ್ಲಿ ಪ್ಲೇಗು ಕಾಲಿಟ್ಟಿತು. 1901ರಲ್ಲಿ ನಗರದ ಸಂಖ್ಯೆ 69,447, ದಂಡಿನದು 89,599. ಅಂದರೆ ಹತ್ತು ವರ್ಷಗಳಲ್ಲಿ ಎರಡೂ ಸೇರಿ 21,320 ಜನರ ಇಳಿತ. ಇದನ್ನು ಪ್ಲೇಗಿನ ಬಲಿಯ ಸಂಖ್ಯೆಯೆಂಬಂತೆ ಉದಾಹರಿಸುವವರಿದ್ದಾರೆ. ಅದು ಸರಿಯಲ್ಲ. ಊರು ಬಿಟ್ಟು ಓಡಿದವರೂ ಹೊರಗಿನ ಗುಡಿಸಲುಗಳಲ್ಲಿ ಇದ್ದವರೂ ಹಿಂದಿರುಗದವರೂ ಈ ಇಳಿತದಲ್ಲಿ ಸತ್ತವರ ಜೊತೆ ಬೆರೆತಿದ್ದಾರೆ. ಮೇಲಾಗಿ ಸಾವಿರಕ್ಕೆ ಇಷ್ಟೆಂದು ಹೇಳುವ ಮರಣಪ್ರಮಾಣವು ಹಿಂದಿನ ಖಾನೇಷುಮಾರಿಯ ಸಂಖ್ಯೆಯನ್ನು ಭಾಜಕವಾಗಿಟ್ಟುಕೊಂಡು ತೆಗೆದುದು. ನಗರದಲ್ಲಿ ಒಂದು ವರ್ಷಕ್ಕೆ 2,000 ಸಾವುಗಳಾದವೆಂದು ಲೆಕ್ಕಕ್ಕಾಗಿ ಊಹಿಸಿಕೊಂಡರೆ, 1891ರ ಸಂಖ್ಯೆಯ ಮೇಲೆ ಪ್ರಮಾಣವು ಸಾವಿರಕ್ಕೆ 24.9 ಆಗುತ್ತದೆ, 1901ರದರ ಮೇಲೆ 28.8. ಒಬ್ಬನೂ ಹೆಚ್ಚಾಗಿ ಸಾಯದೆ ಊರು ಅಷ್ಟು ರೋಗಿಷ್ಠವಾಗಿಬಿಡುತ್ತದೆ! ಜನರು ಓಡಿಹೋಗಿ ಊರು ಅರ್ಧ ಬರಿದಾದ ವರ್ಷದಲ್ಲಿ ತುಂಬಿದ ಊರಿನ ಸಂಖ್ಯೆಯಿಂದ ಭಾಗಿಸಿದರೆ ಇದಕ್ಕೆ ವಿಪರೀತವಾದ ಭ್ರಮೆ ಹುಟ್ಟುತ್ತದೆ. ಇಷ್ಟರ ಮೇಲೆ ಒಂದೇ ಊರಿಗೆ ಎರಡು ಮುನಿಸಿಪಾಲಿಟಿಗಳು, ಎರಡು ಸರಕಾರಗಳು. ಬೀದಿಯ ಆ ಬದಿಯ ಸಾವು ಸಂಸ್ಥಾನದ್ದು, ಈ ಬದಿಯದು ರೆಸಿಡೆಂಟನದು. 1949ರಲ್ಲಿ ಎರಡೂ ಕೂಡುವವರೆಗೆ ಬೆಂಗಳೂರಿನ ಮರಣಪ್ರಮಾಣವೆಂಬ ಒಂದೇ ಅಂಕಿಯಿತ್ತೆಂದು ಹೇಳುವುದೇ ಕಷ್ಟ.

ಹಾಗೆಂದು ಈ ಲೆಕ್ಕಗಳನ್ನು ಕಸಕ್ಕೆ ಹಾಕತಕ್ಕದ್ದಲ್ಲ. ಮದರಾಸು ಪ್ರಾಂತದ ಸಾರ್ವಜನಿಕ ಆರೋಗ್ಯ ಇಲಾಖೆಯ ನಿರ್ದೇಶಕನಾಗಿದ್ದ ಎ. ಜೆ. ಎಚ್. ರಸೆಲ್ 1920ರ ದಶಕದಲ್ಲಿ ಇದೇ ಪಟೇಲರ ಅಂಕಿಗಳನ್ನು ದೀರ್ಘಕಾಲಕ್ಕೆ ಜೋಡಿಸಿ, ವಾಂತಿಭೇದಿಯು ಸುಮಾರು ಆರು ವರ್ಷಗಳಿಗೊಮ್ಮೆ ಉಕ್ಕುತ್ತದೆಂದು ತೋರಿಸಲು ಯತ್ನಿಸಿದನು. ಪಟೇಲನ ತಪ್ಪು ವರ್ಷವರ್ಷವೂ ಒಂದೇ ಬಗೆಯದಾದರೆ ಏರಿಳಿತಗಳಾದರೂ ನಂಬಲರ್ಹವೆಂಬುದು ಅಲ್ಲಿಯ ತರ್ಕ. ಆ ತರ್ಕದಲ್ಲಿ ಹುರುಳಿದೆ. ಎಷ್ಟು ಮಂದಿ ಸತ್ತರೆಂಬುದಕ್ಕಿಂತ ಯಾವಾಗ ಹೆಚ್ಚು ಸತ್ತರೆಂಬುದನ್ನು ಈ ಪುಸ್ತಕಗಳು ಚೆನ್ನಾಗಿ ಹೇಳುತ್ತವೆ. ಯಾರು, ಏಕೆ ಸತ್ತರೆಂಬುದನ್ನು ಹೇಳಲಾರವು.

‘ಸಂಸ್ಕಾರ’ವನ್ನು ಈ ಹಿನ್ನೆಲೆಯಲ್ಲಿ ಮತ್ತೆ ತೆರೆದರೆ ಒಂದು ಸರಳವಾದ ಪ್ರಶ್ನೆ ಏಳುತ್ತದೆ: ನಾರಣಪ್ಪನ ಸಾವು ಯಾವ ಲೆಕ್ಕಕ್ಕೆ ಸೇರಿತು? ಅವನಿಗೆ ರೋಗ ಹತ್ತಿದುದು ಶಿವಮೊಗ್ಗದಲ್ಲಿ, ಸತ್ತುದು ದೂರ್ವಾಸಪುರದಲ್ಲಿ. ಐರೋಪ್ಯ ವೈದ್ಯಾಧಿಕಾರಿಯೊಬ್ಬನ ಹೆಸರನ್ನು ಇಂದಿಗೂ ಹೊತ್ತಿರುವ ಮೆಗ್ಗಾನ್ ಆಸ್ಪತ್ರೆಯ ಆ ಪಟ್ಟಣದ ಅಂಕಿಯಲ್ಲಿ ಅವನಿರಲಾರನು. ಅಗ್ರಹಾರದಲ್ಲಾದರೂ ಅವನ ಸಾವನ್ನು ಒಪ್ಪಿಕೊಂಡು ಬರೆಯುವವರಿಲ್ಲ. ಹೆಣವನ್ನು ಮುಟ್ಟುವವರಾರೆಂಬ ಚರ್ಚೆಯಲ್ಲಿಯೇ ದಿನಗಳುರುಳುತ್ತವೆ. ಕಡೆಗೆ ಚಂದ್ರಿಯು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯಲ್ಲಿ ಯಾರಿಗೂ ತಿಳಿಯದಂತೆ ಸುಟ್ಟು ಬರುತ್ತಾಳೆ. ಶಾಸ್ತ್ರದ ಪುಸ್ತಕಕ್ಕೂ ಸರಕಾರದ ಪುಸ್ತಕಕ್ಕೂ ಸಿಕ್ಕದ ದಹನವಿದು. ಧರ್ಮಸಂಕಟದ ಕಡೆಗೇ ದೃಷ್ಟಿಯಿಟ್ಟ ವಿಮರ್ಶೆಯು ಈ ಇನ್ನೊಂದು ಅಂಶವನ್ನು ಅಷ್ಟಾಗಿ ಎತ್ತಿಕೊಂಡಂತಿಲ್ಲ.

ರೋಗಕ್ಕೆ ಹೆಸರು ಬರುವ ಬಗೆಯೂ ಗಮನಾರ್ಹವಾಗಿದೆ. ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ; ಅಗ್ರಹಾರದವರು ಇದನ್ನು ಸಂಸ್ಕಾರವಾಗದ ಹೆಣದ ಅನಿಷ್ಟವೆಂದು ತಿಳಿಯುತ್ತಾರೆ. ಪ್ಲೇಗೆಂಬ ಶಬ್ದವು ನೆರೆಯ ಪಾರಿಜಾತಪುರದಲ್ಲಿ, ಪತ್ರಿಕೆ ಓದುವವರ ಬಾಯಿಂದ ಹೊರಡುತ್ತದೆ. ಪಟ್ಟಣದಿಂದ ರೋಗ ಮೊದಲು ಬಂತು, ಅದರ ಹೆಸರು ಆಮೇಲೆ ಬಂತು. ಈ ನಡುವಣ ಅವಧಿಯಲ್ಲಿ ಸತ್ತವರೆಲ್ಲರೂ ‘ಜ್ವರ’ದ ಕಲಮಿನವರು. ಹೊಲಗೇರಿಯಲ್ಲಿ ಸತ್ತವರನ್ನಂತೂ ಗುಡಿಸಲಿನೊಡನೆಯೇ ಸುಡಲಾಗುತ್ತದೆ. ಅಗ್ರಹಾರದ ಸಾವುಗಳಿಗೂ ಅವಕ್ಕೂ ಸಂಬಂಧವುಂಟೆಂದು ಕಥೆಯೊಳಗಿನ ಯಾರಿಗೂ ಹೊಳೆಯುವುದಿಲ್ಲ, ಓದುಗನಿಗೆ ಹೊಳೆಯುತ್ತದೆ. ಈ ಜೋಡಣೆಯನ್ನು ಕೋಷ್ಟಕವು ಎಂದಿಗೂ ಮಾಡಲಾರದು. ಆದರೂ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ‘ಸಂಸ್ಕಾರ’ದ ಪ್ಲೇಗು ಕಥೆಗೆ ಬೇಕಾದಷ್ಟು ಮಾತ್ರ ಕೊಲ್ಲುವ, ಬೇಕಾದಾಗ ಹಿಂದೆ ಸರಿಯುವ ವಿಧೇಯವಾದ ಪ್ಲೇಗು, ಪ್ರಾಣೇಶಾಚಾರ್ಯರು ಹಾದಿ ಹಿಡಿದ ಮೇಲೆ ಅದರ ನೆನಪೇ ತೆಳುವಾಗುತ್ತದೆ.

ಈ ದೋಷ ‘ಗೃಹಭಂಗ’ದಲ್ಲಿ ಇಲ್ಲ. ಅಲ್ಲಿಯ ಪ್ಲೇಗು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಇಲಿ ಬಿದ್ದೊಡನೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕುವುದು ಬೇಸಾಯದ ಕೆಲಸದಷ್ಟೇ ರೂಢಿಯ ಮಾತು. ಒಂದು ಸುತ್ತಿನಲ್ಲಿ ಪಾರ್ವತಿಯೂ ರಾಮಣ್ಣನೂ ಸಾಯುತ್ತಾರೆ. ಮುಂದೊಂದು ಸುತ್ತಿನಲ್ಲಿ ತಾಯಿ ನಂಜಮ್ಮನೂ ಸಾಯುತ್ತಾಳೆ. ದುಃಖವನ್ನು ಅತಿಯಾಗಿ ಹೇರಿದ ಕಾದಂಬರಿಯೆಂದು ಇದನ್ನು ದೂರುವವರು ಆ ದಶಕಗಳ ಮೈಸೂರು ಸೀಮೆಯಲ್ಲಿ ಪ್ಲೇಗು ಎಷ್ಟು ಸಲ ಮರುಕಳಿಸಿತೆಂಬುದನ್ನು ನೆನೆಯಬೇಕು.

ಅದಕ್ಕಿಂತ ಮುಖ್ಯವಾದುದು ನಂಜಮ್ಮನ ಲೇಖನಿ. ಶಾನುಭೋಗಿಕೆಯು ವಂಶಪಾರಂಪರ್ಯವಾಗಿ ಅವಳ ಗಂಡ ಚೆನ್ನಿಗರಾಯನದು. ಅವನಿಗೆ ಲೆಕ್ಕ ಬರೆಯಲು ಬಾರದು. ಖಾತೆ, ಕಿರ್ದಿಗಳನ್ನು ಬರೆದು ವರ್ಷದ ಲೆಕ್ಕವನ್ನು ಹೊಂದಿಸುವವಳು ಅವಳು. ಅಧಿಕಾರವೂ ಪೋಟಗಿಯೂ ಅವನ ಹೆಸರಿನಲ್ಲಿ. ಅವು ಕಂದಾಯದ ಲೆಕ್ಕಗಳೇ ಹೊರತು ಮರಣದವಲ್ಲವೆಂಬ ಭೇದವನ್ನು ಮರೆಯತಕ್ಕದ್ದಲ್ಲ. ಆದರೆ ಸರಕಾರದ ಅಂಕಿಯು ಎಂತಹ ಕೈಯಿಂದ ಹೊರಟಿತೆಂಬುದನ್ನು ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಬೇರೊಂದು ಗ್ರಂಥವು ಸುಲಭವಾಗಿ ದೊರೆಯದು. ಪರೀಕ್ಷೆಯಿಂದ ನೇಮಕವಾದ ಸಿವಿಲ್ ಸರ್ಜನನೂ ಜನ್ಮದಿಂದ ನೇಮಕವಾದ ಶಾನುಭೋಗನೂ ಈ ಒಂದು ವಿಷಯದಲ್ಲಿ ಸಮಾನರು: ಇಬ್ಬರ ರುಜುವಿನ ಹಿಂದೆಯೂ ಹೆಸರಿಲ್ಲದ ಇನ್ನೊಂದು ಕೈ ಬರೆಯುತ್ತಿತ್ತು.

ಕರಾವಳಿಯ ಕಡೆಗೆ ತಿರುಗಿದರೆ, ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದೇ ಪ್ರಶ್ನೆಯನ್ನು ಬೇರೊಂದು ಕಲಮಿನಲ್ಲಿ ಎತ್ತುತ್ತದೆ. ಚೋಮನ ಮಗನೊಬ್ಬ ಹೊಳೆಯಲ್ಲಿ ಮುಳುಗಿ ಸಾಯುತ್ತಾನೆ. ದಡದಲ್ಲಿ ಜನರಿದ್ದಾರೆ, ಈಜು ಬಲ್ಲವರೂ ಇದ್ದಾರೆ. ಹೊಲೆಯನನ್ನು ಮುಟ್ಟಬಾರದೆಂಬ ಕಾರಣಕ್ಕೆ ಯಾರೂ ಇಳಿಯುವುದಿಲ್ಲ. ದಕ್ಷಿಣ ಕನ್ನಡದ ಯಾವ ಪಟೇಲನಾದರೂ ಇದನ್ನು ಸತ್ಯವಾಗಿಯೇ ‘ಅಪಘಾತ’ ಎಂದು ಬರೆದುಕೊಳ್ಳುತ್ತಿದ್ದನು. ಅವನ ಮುಂದಿದ್ದ ನಮೂನೆಯಲ್ಲಿ ಬೇರೆ ಕಲಮಿರಲಿಲ್ಲ. ಬಿಜೂರಿನಲ್ಲಾಗಲಿ ಪುತ್ತೂರಿನಲ್ಲಾಗಲಿ ಅಂತಹ ಸಾವು ಸಂಭವಿಸಿದ್ದರೆ, ಅದು ಮಂಗಳೂರಿನ ಮೂಲಕ ಮದರಾಸಿಗೆ ತಲಪುವಷ್ಟರಲ್ಲಿ ಹಾವು ಕಚ್ಚಿ ಸತ್ತವರ, ಮರದಿಂದ ಬಿದ್ದು ಸತ್ತವರ, ಕಾಡುಮೃಗಗಳಿಗೆ ತುತ್ತಾದವರ ಜೊತೆಗೆ ಕೂಡಿ ಒಂದೇ ಮೊತ್ತವಾಗುತ್ತಿತ್ತು.