‘ನಾಳೆ ಬಾ’: ದೆವ್ವದ ಐತಿಹ್ಯ, ಚಿತ್ರಸರಣಿ ಮತ್ತು ಪ್ರೇಕ್ಷಕ ಸಮೂಹ

ಜನಪದ ಐತಿಹ್ಯಗಳಲ್ಲಿ ದೆವ್ವದ ಕಥೆಗೆ ಪೂರ್ಣ ಮುಕ್ತಾಯ ಒದಗುವುದು ವಿರಳ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ‘ನಾಳೆ ಬಾ’ ಐತಿಹ್ಯ ಇದಕ್ಕೆ ನಿದರ್ಶನ. ರಾತ್ರಿ ವೇಳೆ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವವನ್ನು ಕದದ ಮೇಲೆ ಬರೆದ ಎರಡು ಪದಗಳು ಹಿಂದಿರುಗಿಸುತ್ತವೆ. ಇಲ್ಲಿ ಉಚ್ಚಾಟನೆಯಿಲ್ಲ, ಇರುವುದು ಮುಂದೂಡಿಕೆ ಮಾತ್ರ. ಮರುದಿನವೂ ದೆವ್ವ ಬರುತ್ತದೆ, ಕಥೆಯೂ ಮುಂದುವರಿಯುತ್ತದೆ.

ಇದೇ ಆಶಯವನ್ನು ಅಮರ್ ಕೌಶಿಕ್ ನಿರ್ದೇಶನದ ಹಿಂದಿ ಚಿತ್ರ ‘ಸ್ತ್ರೀ’ (2018) ಮಧ್ಯಪ್ರದೇಶದ ಚಂದೇರಿಗೆ ಒಯ್ದಿತು. ರಾತ್ರಿ ಹೊರಗೆ ಹೋಗಲು ಅಂಜುವವರು ಅಲ್ಲಿ ಗಂಡಸರು. ಗೋಡೆಯ ಬರಹ ಕೊನೆಗೆ ‘ನಾಳೆ ಬಾ’ ಎಂಬುದರಿಂದ ‘ರಕ್ಷಿಸು’ ಎಂಬುದಕ್ಕೆ ತಿರುಗುತ್ತದೆ. ಮಾರಿಯೇ ಊರ ತಾಯಿಯಾಗುವ ಜನಪದ ಕ್ರಮಕ್ಕೆ ಇದು ಸಮೀಪವಾದುದು. 2024ರ ಆಗಸ್ಟ್ 15ರಂದು ತೆರೆಕಂಡ ‘ಸ್ತ್ರೀ 2’ ರುಂಡವಿಲ್ಲದ ಪುರುಷ ಪ್ರೇತವನ್ನು ತಂದು ಆ ಬರಹಕ್ಕೆ ಕಥೆ ಕಟ್ಟಿತು. ಆದರೆ ಮೊದಲ ಚಿತ್ರದ ವ್ಯಂಗ್ಯದ ಮೊನಚು ಇಲ್ಲಿ ಸಾಹಸ ದೃಶ್ಯಗಳ ಅಬ್ಬರದಲ್ಲಿ ಮಸುಕಾಯಿತು.

ಪಾಠಾಂತರಕ್ಕೂ ಮುಂದುವರಿದ ಭಾಗಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕನ್ನಡದಲ್ಲಿ ‘ಆಪ್ತಮಿತ್ರ’ (2004), ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಆಯಿತು. ಮಲಯಾಳದಲ್ಲಿ ತಮಿಳು ನರ್ತಕಿ, ಕನ್ನಡ ಹಾಗೂ ತಮಿಳಿನಲ್ಲಿ ತೆಲುಗು ನರ್ತಕಿ, ಹಿಂದಿಯಲ್ಲಿ ಬಂಗಾಳಿ ನರ್ತಕಿ: ಪ್ರತಿ ಪಾಠದಲ್ಲಿಯೂ ದೆವ್ವವು ಪರಭಾಷೆಯವಳು. ಕಥೆ ಊರಿಂದೂರಿಗೆ ಸಾಗುವಾಗ ಸ್ಥಳೀಯ ಭಯವನ್ನು ಧರಿಸುವ ಬಗೆಯಿದು. ಆ ಪಾಠಗಳಲ್ಲಿ ದೆವ್ವವೆಂಬುದು ಮನೋರೋಗವೆಂದು ಬಯಲಾಗುತ್ತದೆ. ‘ಭೂಲ್ ಭುಲಯ್ಯಾ 2’ (2022) ಆ ದ್ವಂದ್ವವನ್ನು ಕೈಬಿಟ್ಟು ಪ್ರೇತವನ್ನೇ ನಿಜವಾಗಿಸಿತು. ಪಾಠಾಂತರ ಕಥೆಯನ್ನು ಮತ್ತೆ ಅರ್ಥೈಸುತ್ತದೆ. ಮುಂದುವರಿದ ಭಾಗವು ಬಹುತೇಕ ಹೆಸರನ್ನಷ್ಟೇ ಉಳಿಸಿಕೊಳ್ಳುತ್ತದೆ.

ಹಾಗಿದ್ದೂ ಜನ ಚಿತ್ರಮಂದಿರಕ್ಕೆ ಬಂದುದೇಕೆ? ಕೋವಿಡ್ ಕಾಲದಲ್ಲಿ, 2020ರ ನವೆಂಬರ್‌ನಲ್ಲಿ, ‘ಕಾಂಚನಾ’ದ ಹಿಂದಿ ರೂಪ ‘ಲಕ್ಷ್ಮೀ’ ನೇರವಾಗಿ ಒಟಿಟಿಯಲ್ಲಿ ಬಿಡುಗಡೆಗೊಂಡಿತು. ಪ್ರೇತಕಥೆ ಮನೆಯೊಳಗೇ ಸಾಕೆಂಬ ಭಾವನೆಗೆ ಅದು ಎಡೆಮಾಡಿತು. ಮುಂದೆ ‘ಭೂಲ್ ಭುಲಯ್ಯಾ 2’ ಮತ್ತು ‘ಸ್ತ್ರೀ 2’ ಚಿತ್ರಗಳ ಭಾರಿ ಯಶಸ್ಸು ಆ ಭಾವನೆಯನ್ನು ಅಲ್ಲಗಳೆಯಿತು. ದೆವ್ವದ ಕಥೆಗೆ ಹೇಳುವವನಷ್ಟೇ ಕೇಳುವ ಗುಂಪೂ ಮುಖ್ಯ. ಒಬ್ಬರ ಚೀತ್ಕಾರ ಮತ್ತೊಬ್ಬರ ನಗೆಯಾಗುವುದು ಜಗಲಿಯಲ್ಲಿ ಅಥವಾ ಕತ್ತಲ ಸಭಾಂಗಣದಲ್ಲಿ. ಬೇಕೆಂದಾಗ ನಿಲ್ಲಿಸಬಹುದಾದ ಕಿರುಪರದೆಯಲ್ಲಿ ಭಯ ನೋಡುಗನ ಅಂಕೆಯಲ್ಲಿರುತ್ತದೆ. ಅಂಕೆಗೊಳಪಟ್ಟ ಭಯ ಅರ್ಧ ಭಯ.

ಆದರೆ ಈ ಯಶಸ್ಸಿನಿಂದ ಚಿತ್ರಮಂದಿರಗಳ ಭವಿಷ್ಯ ಭದ್ರವಾಯಿತೆಂದು ತಿಳಿಯುವಂತಿಲ್ಲ. ಬೆಂಗಳೂರಿನ ಗಾಂಧಿನಗರದ ‘ಕಪಾಲಿ’ ಇಂದು ನೆನಪು ಮಾತ್ರ. ಏಕಪರದೆಯ ಮಂದಿರಗಳು ಅಳಿದು ದುಬಾರಿ ಮಲ್ಟಿಪ್ಲೆಕ್ಸ್‌ಗಳಷ್ಟೇ ಉಳಿದರೆ, ಈ ಐತಿಹ್ಯಗಳನ್ನು ಹುಟ್ಟಿಸಿದ ಬೀದಿಯ ಜನರೇ ಅವುಗಳ ಪ್ರೇಕ್ಷಕ ವರ್ಗದಿಂದ ಹೊರಗುಳಿಯುತ್ತಾರೆ. ಸರಣಿಗಳು ಒಂದು ‘ನಾಳೆ’ಯನ್ನು ಒದಗಿಸಿವೆ. ಆ ಅವಧಿಯಲ್ಲಿ ಹೊಸ ಕಥೆಗಳನ್ನು, ಕೈಗೆಟುಕುವ ಆಸನಗಳನ್ನು ಕಲ್ಪಿಸದಿದ್ದರೆ ಈ ಮುಂದೂಡಿಕೆಯೂ ವ್ಯರ್ಥವಾದೀತು.