ಪೈಪಿನ ಪಕ್ಕದ ಗಾಜಿನೆಳೆ: ಐದು ಸಾಲಿಗೆ ವ್ಯಾಖ್ಯಾನ

ನೆಲದಡಿಯ ಪೈಪ್‌ಲೈನ್ ಎಲ್ಲಿ ಸೋರುತ್ತಿದೆ ಎಂಬುದನ್ನು ಆಪ್ಟಿಕಲ್ ಫೈಬರ್ ಹೇಗೆ ಹೇಳುತ್ತದೆ? ಆ ತಂತ್ರವನ್ನು ಐದು ಸಾಲಿಗಿಳಿಸಿ, ಒಂದೊಂದನ್ನೂ ಬಿಡಿಸಿದ್ದೇನೆ.

1. ಎಳೆಯೊಳಗೆ ಬೆಳಕು ಬಿಡು, ಮರಳಿದ್ದನ್ನು ಓದು.
ಎಳೆಯೆಂದರೆ ಪೈಪಿನುದ್ದಕ್ಕೂ ಹೂತ ಫೈಬರ್ ಕೇಬಲ್. ಅಲ್ಲಲ್ಲಿ ಸೆನ್ಸರ್ ಕೂರಿಸುವುದಿಲ್ಲ, ಗಾಜೇ ಸೆನ್ಸರ್. ಲೇಸರ್ ಮಿಡಿತ ಸಾಗಿದಂತೆಲ್ಲ ಅದರ ಅತ್ಯಲ್ಪ ಪಾಲು ಚದುರಿ ಹಿಂದಕ್ಕೆ ಬರುತ್ತದೆ.

2. ಮರಳಲು ಹಿಡಿದ ಹೊತ್ತೇ ದೂರ.
ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಒಂದು ಕಿ.ಮೀ. ಹೋಗಿಬರಲು 10 ಮೈಕ್ರೋಸೆಕೆಂಡ್. ಮಿಡಿತ 10 ನ್ಯಾನೋಸೆಕೆಂಡಿನಷ್ಟು ಚಿಕ್ಕದಾದರೆ ಜಾಗವನ್ನು ಸುಮಾರು 1 ಮೀಟರಿನೊಳಗೆ ಗುರುತಿಸಬಹುದು.

3. ಬಣ್ಣದಲ್ಲಿ ಬಿಸಿ, ಫೇಸಿನಲ್ಲಿ ಸದ್ದು.
ಸಿ.ವಿ. ರಾಮನ್ 1928ರಲ್ಲಿ ಕಂಡ ಚದುರಿಕೆ ಇಲ್ಲಿ ದುಡಿಯುತ್ತದೆ. ಬಣ್ಣ ಬದಲಿಸಿ ಮರಳುವ ಬೆಳಕಿನಲ್ಲಿ ನೀಲಿಯತ್ತ ಸರಿದ ಆ್ಯಂಟಿ-ಸ್ಟೋಕ್ಸ್ ಭಾಗ ಬಿಸಿಯೇರಿದಂತೆ ಬಲಗೊಳ್ಳುತ್ತದೆ. ಕೆಂಪಿನತ್ತ ಸರಿದ ಸ್ಟೋಕ್ಸ್ ಭಾಗ ಅಷ್ಟಾಗಿ ಬದಲಾಗದು. ಎರಡರ ಅನುಪಾತದಿಂದ ತಾಪ ತಿಳಿಯುತ್ತದೆ. ರೇಲೀ ಚದುರಿಕೆ ಎಂಬ ಇನ್ನೊಂದು ಬಗೆಯಲ್ಲಿ ಬಣ್ಣ ಬದಲಾಗದು. ಆದರೆ ಕಂಪನಕ್ಕೆ ಎಳೆ ಹಿಗ್ಗಿ ಕುಗ್ಗಿದಾಗ ಬೆಳಕಿನ ಫೇಸ್, ಅಂದರೆ ಅಲೆಯ ಏರಿಳಿತದ ಹಂತ, ಜರುಗುತ್ತದೆ. ರಂಧ್ರದಿಂದ ನುಗ್ಗುವ ಅನಿಲದ ಸದ್ದೂ, ಮೇಲೆ ಅಗೆಯುವ ಜೆಸಿಬಿಯ ಸದ್ದೂ ಸಿಗುವುದು ಹೀಗೆ.

4. ಎಳೆಯ ಜಾಗ, ಒಳಗಿನ ಸರಕು ನೋಡಿ.
ಇಡೀ ವಿದ್ಯೆಯ ಸೋಲು ಗೆಲುವು ಈ ಸಾಲಿನಲ್ಲಿದೆ. ಒತ್ತಡದಲ್ಲಿದ್ದ ನೈಸರ್ಗಿಕ ಅನಿಲ ಹೊರಬಿದ್ದೊಡನೆ ಹಿಗ್ಗಿ ತಣಿಯುತ್ತದೆ. ಬಿಸಿ ಎಣ್ಣೆ ಮಣ್ಣನ್ನು ಕಾಯಿಸುತ್ತದೆ. ದ್ರವ ಕೆಳಗಿಳಿಯುವುದರಿಂದ ಅದಕ್ಕೆ ಕೇಬಲ್ ಪೈಪಿನ ಕೆಳಬದಿಯಲ್ಲಿರಬೇಕು. ಹಗುರ ಅನಿಲಕ್ಕೆ ಮೇಲುಬದಿ. ಜರ್ಮನಿಯ ಬರ್ಲಿನ್ ಬಳಿ ಬೆಚ್ಚಗಿನ ಉಪ್ಪುನೀರು ಸಾಗಿಸುವ 55 ಕಿ.ಮೀ. ಪೈಪ್‌ಲೈನಿಗೆ ಇಂಥ ಕೇಬಲ್ ಹಾಕಿದ್ದರು. 2003ರಲ್ಲಿ ಪಕ್ಕದ ಅಗೆತದಿಂದ ಪೈಪಿಗೆ ಪೆಟ್ಟಾಗಿ ಸೋರಿದಾಗ, ಮಣ್ಣಿನ ತಾಪ ಏರಿದ್ದನ್ನು ಕೇಬಲ್ ಹಿಡಿಯಿತು. ಅಲ್ಲಿ ಬಳಸಿದ್ದು ಬ್ರಿಲ್ವಾಂ ಚದುರಿಕೆ ಎಂಬ ಮೂರನೆಯ ಬಗೆ. ಅದು ತಾಪಕ್ಕೂ ಎಳೆತಕ್ಕೂ ಸ್ಪಂದಿಸುವುದರಿಂದ ಕೇಬಲ್ಲನ್ನು ಎಳೆತ ತಾಗದಂತೆ ರೂಪಿಸಬೇಕು. ಸೋರಿದ ನೀರು ಮಣ್ಣಿನಷ್ಟೇ ತಣ್ಣಗಿದ್ದರೆ ತಾಪ ನೋಡುವ ಎಳೆಗೆ ಏನೂ ಕಾಣದು.

5. ಸುಳಿವು ಎಳೆಯದು, ತೀರ್ಪು ಕಂಟ್ರೋಲ್ ರೂಮಿನದು.
ಮಳೆನೀರು ಇಂಗಿದರೂ ತಾಪ ಬದಲಾಗುತ್ತದೆ, ಟ್ರ್ಯಾಕ್ಟರ್ ಹಾದರೂ ನೆಲ ಕಂಪಿಸುತ್ತದೆ. ಆದ್ದರಿಂದ ಎರಡು ತುದಿಯ ಮೀಟರುಗಳ ಹರಿವಿನ ಲೆಕ್ಕವನ್ನು ಕೈಬಿಡುವಂತಿಲ್ಲ. ದೊಡ್ಡ ಸೋರಿಕೆಯನ್ನು ಆ ಲೆಕ್ಕ ಹಿಡಿಯುತ್ತದೆ. ಮೀಟರಿನ ತಪ್ಪಿನೊಳಗೇ ಅಡಗುವ ಸಣ್ಣ ಸೋರಿಕೆಗೆ ಎಳೆ ಬೇಕು. ಕೇಬಲ್ ಎಲ್ಲಿರಬೇಕೆಂಬ ನಿರ್ಧಾರ ಮಾತ್ರ ಕಂದಕ ಮುಚ್ಚುವ ಮೊದಲೇ ಆಗಬೇಕು.